ನನ್ನ ಎಂಎಸ್ಸಿಗೆ ಹೂ ಕೇಳಿದ್ದು

ನಾನು ಎಲ್ಲಿ ಎಂಎಸ್ಸಿ ಓದಬೇಕು ಅನ್ನುವುದನ್ನು ನಮ್ಮೂರ ದೇವತೆಯ ಹೆಗಲ ಮೇಲಿನ ಕಣಗಿಲೆ ಹೂವು ತೀರ್ಮಾನಿಸಲಿ ಎಂದವನು ನಮ್ಮ ದೊಡ್ಡಪ್ಪ. ಆ ಮಾತು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಸಸ್ಯಶಾಸ್ತ್ರ ಓದಲು ಹೊರಟವಳ ಹಣೆಬರಹವನ್ನು ಹೂವಿನ ಕೈಗೇ ಕೊಟ್ಟರಲ್ಲೇ ಅಂತ ಹಾಸ್ಟೆಲಿನ ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದುಂಟು. ಅವರು ನಗಲಿ, ಅವರ ಮನೆಯಲ್ಲಿ ನಡೆದದ್ದಲ್ಲವಲ್ಲ. ನನಗೆ ಆಗಲೂ ನಗು ಬರಲಿಲ್ಲ, ಈಗಲೂ ಬರುವುದಿಲ್ಲ.

ನಮ್ಮದು ಮಾಗಡಿ ತಾಲ್ಲೂಕು, ಗುಡೇಮಾರನಹಳ್ಳಿ ಕಡೆಯ ಒಂದು ಸಣ್ಣ ಊರು. ಮನೆಯ ಹಿಂದೆ ನಿಂತರೆ ದೂರದಲ್ಲಿ ಸಾವನದುರ್ಗದ ಬಂಡೆ ಕಾಣುತ್ತದೆ. ಒಟ್ಟು ಕುಟುಂಬ. ದೊಡ್ಡಪ್ಪ ಯಜಮಾನ; ಅಪ್ಪ ಅವನ ತಮ್ಮ, ಅಣ್ಣ ಕೆಮ್ಮಿದರೆ ನೀರು ತರುವ ತಮ್ಮ. ದೊಡ್ಡಮ್ಮ ನಾನು ಚಿಕ್ಕವಳಿರುವಾಗಲೇ ತೀರಿಕೊಂಡಳು. ಹಾಗಾಗಿ ಒಲೆ, ಹಸು, ನೆಂಟರು, ಎಲ್ಲವೂ ನಮ್ಮವ್ವನ ತಲೆಗೇ ಬಂತು. ದೊಡ್ಡಪ್ಪನಿಗೆ ಒಬ್ಬನೇ ಮಗ, ನನಗೆ ಅಣ್ಣನಾಗಬೇಕು. ಅವನ ಬಗ್ಗೆ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ, ಫೋನು ನೋಡುತ್ತಾ ಜಗಲಿಯ ಮೇಲೆ ಕೂತಿರುತ್ತಿದ್ದ ಅಂದರೆ ಸಾಕು.

ಹೊಲದಲ್ಲಿ ರಾಗಿ, ಅವರೆ, ಮಿಕ್ಕ ಕಡೆ ಹಿಪ್ಪುನೇರಳೆ. ಹಿತ್ತಿಲಲ್ಲಿ ಹುಳದ ಮನೆ. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ಹಬ್ಬ, ಮದುವೆ, ಪರೀಕ್ಷೆ ಎಲ್ಲವೂ ಹುಳ ಬಿಡುವು ಕೊಟ್ಟಾಗ ಮಾತ್ರ. ಹುಳ ಮೇವು ಬಿಟ್ಟು, ಪೊರೆ ಕಳಚಲು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅದು ಹೊತ್ತುಗೊತ್ತಿಲ್ಲದೆ ಸೊಪ್ಪು ತಿನ್ನುತ್ತದೆ. ಒಂದು ವಾರ ತಿಂದ ಮೇಲೆ ಹಣ್ಣಾಗುತ್ತದೆ. ಹಣ್ಣಾದ ಹುಳ ತಿನ್ನುವುದನ್ನು ನಿಲ್ಲಿಸಿ, ಮೈ ತಿಳಿಯಾಗಿ, ತಲೆ ಎತ್ತಿ ಅತ್ತಿತ್ತ ತಡಕಾಡುತ್ತದೆ. ಆ ಹೊತ್ತಿಗೆ ಸರಿಯಾಗಿ ಅದನ್ನು ಆರಿಸಿ ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ, ಹಾಕಬೇಕು. ಬೇಗ ಹಾಕಿದರೆ ಹಸಿ ಹುಳ ಗೂಡು ಕಟ್ಟದೆ ಗಲೀಜು ಮಾಡಿ ಅಕ್ಕಪಕ್ಕದ ಗೂಡನ್ನೂ ಕೆಡಿಸುತ್ತದೆ. ತಡವಾದರೆ ಸೊಪ್ಪಿನ ಮೇಲೇ ನೂಲು ಬಿಟ್ಟು ದಂಡವಾಗುತ್ತದೆ.

ಹಸಿ ಯಾವುದು, ಹಣ್ಣು ಯಾವುದು ಅಂತ ಒಂದೇ ನೋಟಕ್ಕೆ ಹೇಳುವ ಕಣ್ಣು ನನಗಿತ್ತು. ಪ್ರೈಮರಿ ಸ್ಕೂಲಿನಲ್ಲಿದ್ದಾಗಲೇ ಇತ್ತು. ದೊಡ್ಡಪ್ಪ ಮನೆಗೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ.

"ನಮ್ ಮಗೀಗೆ ಕಣ್ಣಲ್ಲೇ ಟಾರ್ಚ್ ಐತೆ ಕಣಪ್ಪ. ಇವಳು ಆರ್ಸುದ್ರೆ ಒಂದು ಹಸಿ ಹುಳ ಬರಾಕಿಲ್ಲ."

ನಾನು ಉಬ್ಬಿ ಹೋಗುತ್ತಿದ್ದೆ. ದೊಡ್ಡಪ್ಪನ ಬಾಯಲ್ಲಿ ಒಳ್ಳೆಯ ಮಾತು ಬರುವುದೇ ಅಪರೂಪ, ಅದರಲ್ಲೂ ನನ್ನ ಬಗ್ಗೆ. ಹುಳ ಹಣ್ಣಾದ ದಿನ ಸ್ಕೂಲಿಗೆ ಚಕ್ಕರ್, ಆಮೇಲೆ ಕಾಲೇಜಿಗೂ ಚಕ್ಕರ್. ಎರಡನೇ ವರ್ಷದ ಬಿಎಸ್ಸಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯೇ ಹೀಗೆ ತಪ್ಪಿತು. ಆವತ್ತು ಅಣ್ಣ ಮನೆಯಲ್ಲೇ ಇದ್ದ. ಅವನನ್ನು ಕೂರಿಸಿ ಅಂದರೆ, ಗಂಡು ಹುಡುಗರ ಕಣ್ಣಿಗೆ ಹಣ್ಣು ಹುಳ ಕಾಣುವುದಿಲ್ಲವಂತೆ. ಜೀವಶಾಸ್ತ್ರದ ಎಷ್ಟೋ ಪುಸ್ತಕ ತಿರುವಿ ಹಾಕಿದ್ದೇನೆ, ಇದನ್ನು ಮಾತ್ರ ಎಲ್ಲೂ ಓದಿಲ್ಲ.

ನಾನು ಬಿಎಸ್ಸಿ ಮಾಡಿದ ಕಾಲೇಜು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕರಲ್ಲಿ ಯಾವುದೋ ಒಂದು ಊರಿನಲ್ಲಿ ಇತ್ತು ಅಂದುಕೊಳ್ಳಿ. ಯಾವ ಊರು ಅಂತ ಬಾಯಿಬಿಟ್ಟರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ. ಅದೇ ಕಟ್ಟಡದ ಮೇಲಂತಸ್ತಿನಲ್ಲಿ ಎಂಎಸ್ಸಿ. ಕೆಳಗೆ ಪಾಠ ಮಾಡಿದ ಮೇಷ್ಟರೇ ಮೆಟ್ಟಿಲು ಹತ್ತಿ ಮೇಲೂ ಪಾಠ ಮಾಡುತ್ತಾರೆ, ಅದೇ ನೋಟ್ಸು, ಅದೇ ಕೆಮ್ಮು. ಪ್ರಯೋಗಾಲಯದಲ್ಲಿ ಗಾಜಿನ ಬಾಗಿಲಿನ ಬೀರು ಒಂದಿತ್ತು. ಒಳಗೆ ಹೊಸ ಮೈಕ್ರೋಸ್ಕೋಪುಗಳು ಸಾಲಾಗಿ ನಿಂತಿದ್ದವು. ಬೀಗದ ಕೈ ವಿಭಾಗದ ಮುಖ್ಯಸ್ಥರ ಚೀಲದಲ್ಲಿ. ಹುಡುಗರು ಮುಟ್ಟಿದರೆ ಕೆಡುತ್ತವೆ ಅಂತ ಅವರು ಬೀಗ ತೆಗೆಯುತ್ತಲೇ ಇರಲಿಲ್ಲ. ತೆಗೆಯದೇ ಇಟ್ಟು ಇಟ್ಟು ಅವುಗಳ ಮಸೂರಕ್ಕೆಲ್ಲ ಬೂಷ್ಟು ಹಿಡಿದದ್ದು ಗಾಜಿನ ಆಚೆಯಿಂದಲೇ ಕಾಣುತ್ತಿತ್ತು. ನಾವು ಪಠ್ಯಪುಸ್ತಕದಲ್ಲಿದ್ದ ಚಿತ್ರ ನೋಡಿ ರೆಕಾರ್ಡ್ ಬರೆದು, ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದೆವು ಅಂತ ಸಹಿ ಹಾಕಿಸಿಕೊಳ್ಳುತ್ತಿದ್ದೆವು.

ಎಂಎಸ್ಸಿಗೆ ಪ್ರವೇಶ ಪರೀಕ್ಷೆ ಬರೆಯಲು ಅಪ್ಪನ ಜೊತೆ ಧಾರವಾಡಕ್ಕೆ ಹೋಗಿದ್ದೆ. ಅಪ್ಪ ಅಷ್ಟು ದೂರ ಬಂದದ್ದೇ ದೊಡ್ಡ ವಿಷಯ, ದೊಡ್ಡಪ್ಪನಿಗೆ ಅದೊಂದು ಸುಮ್ಮನೆ ಬರೆದು ಬರುವ ಪರೀಕ್ಷೆ ಅಂತ ಹೇಳಿದ್ದೆವು. ಪರೀಕ್ಷೆ ಮುಗಿದ ಮೇಲೆ ವಿಭಾಗದ ಒಳಗೆ ಇಣುಕಿದೆ. ಕಿಟಕಿಯ ಪಕ್ಕ ಒಬ್ಬಳು ಹುಡುಗಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಕಣ್ಣು ತೆಗೆಯದೆಯೇ ಬಲಗೈಯಲ್ಲಿ ಚಿತ್ರ ಬರೆಯುತ್ತಿದ್ದಳು. ಬಾಗಿಲಲ್ಲಿ ನಾನೂ ಅಪ್ಪನೂ ನಿಂತದ್ದು ಅವಳಿಗೆ ಗೊತ್ತಾಗಲೇ ಇಲ್ಲ. ಅವಳನ್ನು ಯಾರೂ ಹುಳ ಆರಿಸಲು ಕರೆಯುವುದಿಲ್ಲ ಅಂತ ಅನ್ನಿಸಿತು. ಆ ಕುರ್ಚಿ ನನಗೆ ಬೇಕು ಅಂತ ಅಲ್ಲೇ ನಿಂತು ತೀರ್ಮಾನ ಮಾಡಿದೆ.

ಎರಡೂ ಕಡೆ ಸೀಟು ಬಂತು, ಕಾಲೇಜಿನ ಮೇಲಂತಸ್ತಿನಲ್ಲೂ, ಧಾರವಾಡದಲ್ಲೂ. ಧಾರವಾಡದಲ್ಲಿ ಮುಂದಿನ ಸೋಮವಾರದೊಳಗೆ ಹೋಗಿ ಸೇರಿಕೊಳ್ಳಬೇಕು, ತಪ್ಪಿದರೆ ಸೀಟು ಬೇರೆಯವರಿಗೆ.

ಅದಕ್ಕೆ ಇನ್ನೂ ಎಂಟು ದಿನ ಇದೆ ಅನ್ನುವಾಗ, ಭಾನುವಾರ, ನಮ್ಮ ವಿಭಾಗದ ಮುಖ್ಯಸ್ಥರು ಕಾರು ಮಾಡಿಕೊಂಡು ಮನೆಗೇ ಬಂದರು. ಯಾಕೆ ಬಂದರು ಅನ್ನುವುದು ನಮಗೆ, ಅಂದರೆ ಅವರ ವಿದ್ಯಾರ್ಥಿಗಳಿಗೆಲ್ಲ, ಗೊತ್ತಿತ್ತು. ಮೇಲಂತಸ್ತಿಗೆ ಈ ಸಲ ಸೇರಿದವರು ತೀರಾ ಕಡಿಮೆ. ತರಗತಿ ತುಂಬದಿದ್ದರೆ ಕೋರ್ಸು ಮುಚ್ಚುತ್ತಾರೆ, ಮುಚ್ಚಿದರೆ ಇವರನ್ನು ದೂರ ಎಲ್ಲಿಗೋ ಎತ್ತಿ ಹಾಕುತ್ತಾರೆ. ಹೆಣ್ಣುಮಕ್ಕಳ ಮನೆಗಳನ್ನು ಒಂದೊಂದಾಗಿ ಸುತ್ತುತ್ತಿದ್ದರು. ಹುಡುಗರ ಮನೆಗೆ ಹೋದರೆ ಕೆಲಸ ಆಗುವುದಿಲ್ಲ ಅಂತ ಅವರಿಗೂ ಗೊತ್ತಿತ್ತು.

ದೊಡ್ಡಪ್ಪ ಹಿಗ್ಗಿ ಹೀರೇಕಾಯಿ ಆದ. ಮೇಷ್ಟರು ಮನೆಗೆ ಬಂದುಬಿಟ್ಟರಲ್ಲ. ಅವ್ವನಿಗೆ ಹೇಳಿ ನಾಟಿ ಕೋಳಿ ಕುಯ್ಯಿಸಿದ. ಮುಖ್ಯಸ್ಥರು ಮುದ್ದೆ ಮುರಿಯುತ್ತಾ ಶುರು ಮಾಡಿದರು.

"ನೋಡಿ ಯಜಮಾನ್ರೇ, ಧಾರವಾಡದಲ್ಲಿ ಮುದ್ದೆ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಹಾಸ್ಟೆಲಲ್ಲಿ ಒಣರೊಟ್ಟಿ. ನಮ್ ಕಡೆ ಮಕ್ಕಳು ಅಲ್ಲಿಗೆ ಹೋಗಿ ಹೊಟ್ಟೆ ಕೆಟ್ಟು ಅರ್ಧಕ್ಕೇ ವಾಪಸ್ ಬರ್ತಾರೆ."

"ಹೌದಾ ಸಾ?" ಅಂದ ದೊಡ್ಡಪ್ಪ.

"ಅದೂ ಅಲ್ದೆ ಹೆಣ್ಣುಮಗು. ಅಷ್ಟು ದೂರ ಯಾರ ಜೊತೆ ಹೋಯ್ತು, ಎಲ್ಲಿ ಹೋಯ್ತು ಅಂತ ನೀವು ಇಲ್ಲಿ ಕೂತು ಹೆಂಗೆ ನೋಡ್ತೀರ? ಇಲ್ಲಾದ್ರೆ ಬೆಳಗ್ಗೆ ಬಸ್ಸಿಗೆ ಬರ್ತಾಳೆ, ಸಾಯಂಕಾಲ ಮನೇಲಿರ್ತಾಳೆ. ರ‍್ಯಾಂಕ್ ವಿಷ್ಯ ನನಗೆ ಬಿಡಿ."

ಮೂರು ವರ್ಷ ನನ್ನ ಹೆಸರನ್ನು ಸರಿಯಾಗಿ ಕರೆಯದ ಮನುಷ್ಯ ಇವರು. ನಾನು ಸಾರು ಬಡಿಸುತ್ತಿದ್ದೆ. ಸೌಟು ಕೈಯಲ್ಲಿದ್ದದ್ದರಿಂದ ಸ್ವಲ್ಪ ಧೈರ್ಯ ಬಂತು.

"ಸರ್, ಮೇಲೆ ಬಂದ್ರೆ ಬೀರು ಬೀಗ ತೆಗೀತೀರಾ?" ಅಂದೆ.

ಅವರಿಗೆ ಅರ್ಥವಾಯಿತು. ಕೋಳಿಯ ತೊಡೆ ಕಚ್ಚಿಕೊಂಡು, "ಏನು ಚೂಟಿ ಹುಡುಗಿ" ಅಂತ ದೊಡ್ಡಪ್ಪನ ಕಡೆ ನೋಡಿ ನಕ್ಕರು. ದೊಡ್ಡಪ್ಪ ನಗಲಿಲ್ಲ.

"ಊಟಕ್ ಕೂತೋರ್ನ ಹಂಗೆಲ್ಲ ಕೇಳ್ತಾರೇನವ್ವ? ಸಾರು ಹಾಕು."

ಹಾಕಿದೆ. ತಟ್ಟೆ ತುಂಬಿ ಚೆಲ್ಲುವಷ್ಟು ಹಾಕಿದೆ.

ಅವರ ಕಾರು ಊರು ದಾಟಿದ ಮೇಲೆ ಜಗಳ ಶುರುವಾಯಿತು. ಜಗಳ ಅಂದರೆ ನಾನೊಬ್ಬಳೇ ಕೂಗಿದ್ದು. ದೊಡ್ಡಪ್ಪ ಎಲೆಅಡಿಕೆ ಹಾಕಿಕೊಂಡು ಕೂತಿದ್ದ. ಅಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಧಾರವಾಡದಲ್ಲಿ, "ಸೀಟು ಸಿಕ್ಕುದ್ರೆ ಬಂದ್ಬುಡು ಮಗ" ಅಂದಿದ್ದ ಅದೇ ಅಪ್ಪ. ಕೇಳಿದ್ದಕ್ಕೆ "ಅಣ್ಣಯ್ಯ ಹೇಳ್ದಂಗೆ" ಅಂದ. ಅವ್ವ ಮೊರದಲ್ಲಿ ಅವರೆಕಾಳು ಹಾಕಿಕೊಂಡು ಹುಳುಕು ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅವಳು ಒಂದು ಮಾತು ಆಡಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಅವ್ವನ ಮೌನದ ಮೇಲೆ ನನಗೆ ಆಗ ಇದ್ದಷ್ಟು ಕೋಪ ದೊಡ್ಡಪ್ಪನ ಮಾತಿನ ಮೇಲೂ ಇರಲಿಲ್ಲ.

"ಅಣ್ಣ ಇಂಜಿನಿಯರಿಂಗ್ ಓದೋಕೆ ಬೆಂಗ್ಳೂರಿಗೆ ಹೋದಾಗ ಯಾರೂ ಏನೂ ಕೇಳ್ಲಿಲ್ವಲ್ಲ ದೊಡ್ಡಪ್ಪ? ಓದೋದು ಬುಟ್ಟು ಮನೇಗ್ ಬಂದಾಗ್ಲೂ ಕೇಳ್ಲಿಲ್ಲ. ನನ್ಗೇ ಯಾಕೆ?"

"ಹೋಗ್ಬ್ಯಾಡ ಅಂತ ನಾನೆಲ್ಲವ್ವ ಅಂದೆ?" ದೊಡ್ಡಪ್ಪ ಅಂಗಳಕ್ಕೆ ಉಗುಳಿ ಬಂದು ಮತ್ತೆ ಕೂತ. "ನಾನ್ ಹೇಳುದ್ರೆ ನಾನ್ ಕೆಟ್ಟೋನಾಯ್ತೀನಿ. ಮಂಗಳವಾರ ತಾಯಿ ಹತ್ರ ಹೂ ಕೇಳ್ಬುಡವ. ಅವಳು ಹೋಗು ಅಂದ್ರೆ ಹೋಗು. ಬ್ಯಾಡ ಅಂದ್ರೆ ಬ್ಯಾಡ. ಇದ್ರಾಗೆ ಯಾರ್ದೂ ತಕರಾರಿಲ್ವಲ್ಲ?"

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅದನ್ನೇ ಅವನು ಒಪ್ಪಿಗೆ ಅಂತ ತೆಗೆದುಕೊಂಡ.

ಹೂ ಕೇಳುವುದು ನಮ್ಮ ಕಡೆ ಎಲ್ಲರೂ ಮಾಡುತ್ತಾರೆ. ಬೋರ್‌ವೆಲ್ ಕೊರೆಸಲು, ಹೆಣ್ಣು ನೋಡಲು, ಹಸು ಮಾರಲು, ಎಲ್ಲದಕ್ಕೂ. ಪೂಜಾರಿ ಒದ್ದೆ ಹೂಗಳನ್ನು ದೇವತೆಯ ಎರಡೂ ಹೆಗಲಿಗೆ ಅಂಟಿಸುತ್ತಾನೆ. ಯಜಮಾನ ಕೈ ಮುಗಿದು ಗಟ್ಟಿಯಾಗಿ ಪ್ರಶ್ನೆ ಕೇಳುತ್ತಾನೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಒಮ್ಮೆ ಕೇಳಿದ್ದನ್ನು ತಿರುಗಿ ಕೇಳುವ ಹಾಗಿಲ್ಲ. ಕೇಳಲು ಬಂದವರನ್ನು ಪೂಜಾರಿ ಇಲ್ಲ ಅಂತ ವಾಪಸು ಕಳಿಸುವ ಹಾಗಿಲ್ಲ. ನಮ್ಮೂರ ಗುಡಿಯಲ್ಲಿ ಇನ್ನೂ ಒಂದು ನಡಾವಳಿ ಇದೆ. ಹೂ ಬೀಳುವ ಮೊದಲೇ ಕೈ ಹಾಕಿ ಇಳಿಸಿಬಿಟ್ಟರೆ ಆವತ್ತು ಆ ಮನೆಯವರು ಕೇಳಿದ್ದೆಲ್ಲ ಮುರಿದು ಹೋಗುತ್ತದೆ, ಅದಕ್ಕೆ ಮೊದಲು ಸಿಕ್ಕ ಉತ್ತರವೂ ಸೇರಿ. ತಾಯಿಯನ್ನು ಅರ್ಧ ಮಾತಿಗೆ ತಡೆದಂತೆ ಅದು. ಅಂಥದ್ದನ್ನು ಯಾರೂ ಮಾಡುವುದಿಲ್ಲ.

ಮಂಗಳವಾರ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಹೊರಟೆವು. ಹೋಗುವ ದಾರಿಯಲ್ಲಿ ದೊಡ್ಡಪ್ಪ ಅಪ್ಪನಿಗೆ ಹೇಳುತ್ತಿದ್ದ: "ನೆನ್ನೆ ಹುಳ ನಾಕ್ನೇ ಜ್ವರ ಎದ್ದದೆ. ಸೊಪ್ಪು ಒಸಿ ಜಾಸ್ತಿ ಕಡೀಬೇಕು. ಬರೋ ಸೋಮವಾರ್ದೊತ್ಗೆ ಹಣ್ಣಾಯ್ತವೆ."

ನಾನು ಹಿಂದೆ ನಡೆಯುತ್ತಿದ್ದವಳು ಅಲ್ಲೇ ನಿಂತೆ. ಸೋಮವಾರ. ಧಾರವಾಡಕ್ಕೆ ಸೇರಬೇಕಾದ ಕಡೆಯ ದಿನ. ಒಣರೊಟ್ಟಿ, ಹೆಣ್ಣುಮಗು, ದೂರದ ಊರು, ಇದೆಲ್ಲ ಬರೀ ಬೊಗಳೆ ಅಂತ ಆಗ ಹೊಳೆಯಿತು. ಇವರಿಗೆ ಬೇಕಾದದ್ದು ಹುಳ ಆರಿಸುವ ಒಂದು ಕೈ. ಈ ಸೋಮವಾರ ಬೇಕು, ಅದಾದ ಮೇಲಿನ ಬೆಳೆಗೂ ಬೇಕು, ನಾನು ಮದುವೆಯಾಗಿ ಹೋಗುವವರೆಗೂ ಬೇಕು. ಟಾರ್ಚು ಅಂತ ಹೊಗಳಿದ್ದಕ್ಕೆ ಉಬ್ಬಿದ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುವಂತಾಯಿತು.

ಗುಡಿಯಲ್ಲಿ ನಮ್ಮ ಮನೆಯವರು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಪೂಜಾರಿ ಹೂ ಅಂಟಿಸಿ ಪಕ್ಕಕ್ಕೆ ಸರಿದ. ದೊಡ್ಡಪ್ಪ ಹೆಗಲ ಮೇಲಿನ ಟವಲು ಸೊಂಟಕ್ಕೆ ಸುತ್ತಿಕೊಂಡು ಕೈ ಮುಗಿದ.

"ತಾಯಿ, ಮಗು ಇಲ್ಲೇ ಓದ್ಕೊಂಡು ಮನೇಲಿರ್ಲಿ ಅನ್ನೋದಾದ್ರೆ ಬಲಗಡೆ ಕೊಡವ್ವ."

ಪ್ರಶ್ನೆಯನ್ನು ಅವನು ಹೇಗೆ ಕಟ್ಟಿದ ನೋಡಿ. ಹೋಗಲಿ ಅನ್ನುವುದಾದರೆ ಬಲಗಡೆ ಕೊಡು ಅಂತಲೂ ಕೇಳಬಹುದಿತ್ತು. ಯಜಮಾನ ತನಗೆ ಬೇಕಾದದ್ದನ್ನು ಬಲಗಡೆಗೆ ಇಟ್ಟುಕೊಂಡ, ನನಗೆ ಬೇಕಾದದ್ದನ್ನು ಎಡಗಡೆಗೆ ತಳ್ಳಿದ. ನಾವು ಕಾದೆವು. ಎಣ್ಣೆಯ ವಾಸನೆ, ಹೊರಗೆ ಯಾರದೋ ಟ್ರ್ಯಾಕ್ಟರಿನ ಸದ್ದು. ಬಲ ಹೆಗಲಿನ ಕಣಗಿಲೆ ಜಾರಿ ದೇವತೆಯ ಪಾದದ ಹತ್ತಿರ ಬಿತ್ತು.

"ಆಯ್ತಲ್ಲವ್ವ" ಅಂದ ದೊಡ್ಡಪ್ಪ. ದನಿಯಲ್ಲಿ ಗೆದ್ದ ಸಂತೋಷ ಏನೂ ಇರಲಿಲ್ಲ, ಒಂದು ಕೆಲಸ ಮುಗಿಯಿತು ಅನ್ನುವಷ್ಟೇ ಇತ್ತು. ಅಪ್ಪ ಬಗ್ಗಿ ನಮಸ್ಕಾರ ಮಾಡಿದ. ಅವ್ವ ನನ್ನ ತೋಳು ಹಿಡಿದು ಹೊರಗೆ ಎಳೆದಳು. ನಾನು ಬಿಡಿಸಿಕೊಂಡೆ.

"ನಾನೂ ಒಂದು ಕೇಳ್ಬೇಕು, ಹೂ ಅಂಟಿಸಿ" ಅಂದೆ ಪೂಜಾರಿಗೆ.

"ಕೇಳಿದ್ನ ತಿರುಗ ಕೇಳಂಗಿಲ್ಲ ಕಣವ್ವ."

"ಅದನ್ನ ಕೇಳಲ್ಲ. ಬೇರೇದು."

ಪೂಜಾರಿ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಬೇಡ ಅನ್ನುವಂತೆ ಕೈ ಆಡಿಸಿದ.

"ಕೇಳಾಕ್ ಬಂದೋರ್ನ ಇಲ್ಲ ಅನ್ನಂಗಿಲ್ವಲ್ಲ ಗೌಡ್ರೆ" ಅಂತ ಪೂಜಾರಿ ಹೊಸ ಹೂವು ನೀರಿಗೆ ಅದ್ದಿದ. ಅವನಿಗೂ ಕುತೂಹಲ ತಡೆಯಲಾಗಿರಲಿಲ್ಲ ಅಂತ ನನ್ನ ಅನುಮಾನ.

ಹೂವು ಹೆಗಲೇರಿತು. ನಾನು ಕೈ ಮುಗಿಯಲಿಲ್ಲ. ಕೇಳಲು ಹೊರಟದ್ದು ಸಿಟ್ಟಿಗೆ, ಭಕ್ತಿಗಲ್ಲ.

"ತಾಯಿ, ನಮ್ ದೊಡ್ಡಪ್ಪಂಗೆ ನಾನು ಬ್ಯಾಡ, ಹುಳ ಆರ್ಸೋ ನನ್ ಕೈ ಸಾಕು ಅನ್ನೋದು ನಿಜ ಆದ್ರೆ, ಬಲಗಡೆ ಕೊಡು."

ಅಪ್ಪ "ಏಯ್" ಅಂದ. ಅಷ್ಟೇ ಅಂದ. ನಾನು ದೇವತೆಯನ್ನು ನೋಡುತ್ತಿರಲಿಲ್ಲ, ದೊಡ್ಡಪ್ಪನನ್ನೇ ನೋಡುತ್ತಿದ್ದೆ. ಅವನು ಹೂವನ್ನು ನೋಡುತ್ತಿದ್ದ. ಅವನ ಬಾಯಿ ಸ್ವಲ್ಪ ತೆರೆದಿತ್ತು, ಎಲೆಅಡಿಕೆಯ ಕೆಂಪು ಕಾಣುತ್ತಿತ್ತು. ಅವನು ಇಷ್ಟು ಮುದುಕನಾಗಿದ್ದಾನೆ ಅಂತ ನನಗೆ ಅದುವರೆಗೂ ಗೊತ್ತಿರಲಿಲ್ಲ. ಗೊತ್ತಾದರೂ ಪಾಪ ಅನ್ನಿಸಲಿಲ್ಲ.

ಬಲ ಹೆಗಲಿನ ಹೂವು ಸ್ವಲ್ಪ ಜಾರಿತು. ಜಾರಿ, ಒಡವೆಯ ಅಂಚಿಗೆ ಸಿಕ್ಕಿಕೊಂಡು ವಾಲಿ ನಿಂತಿತು.

"ಇಳಿಸ್ಬುಡು" ಅಂದ ದೊಡ್ಡಪ್ಪ.

ಪೂಜಾರಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. "ಗೌಡ್ರೆ, ಇಳ್ಸುದ್ರೆ ಇವತ್ತು ಕೇಳಿದ್ದೆಲ್ಲ ಹೋಯ್ತದೆ. ನೀವ್ ಕೇಳಿದ್ದೂ ಹೋಯ್ತದೆ."

"ಗೊತ್ತು ಕಣಯ್ಯ. ಇಳಿಸು ಅಂದ್ನಲ್ಲ."

ಪೂಜಾರಿ ಹೂವು ಇಳಿಸಿದ. ದೊಡ್ಡಪ್ಪ ತೀರ್ಥವನ್ನೂ ತೆಗೆದುಕೊಳ್ಳದೆ ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿಕೊಂಡು, ನಮಗೆ ಕಾಯದೆ ಹೊಲದ ದಾರಿ ಹಿಡಿದ.

ಉತ್ತರ ಕೇಳುವ ಧೈರ್ಯ ಇಲ್ಲದವನೇ ಉತ್ತರ ಕೊಟ್ಟಂತಾಯಿತು ಅಂತ ನಾನು ಆವತ್ತು ಅಂದುಕೊಂಡೆ. ನನಗೆ ಬೇಕಾದದ್ದೂ ಅಷ್ಟೇ. ಹೋಗು ಅಂತ ಯಾರೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ತಾಯಿಯ ಮಾತೇ ಇಲ್ಲದ ಮೇಲೆ ನನ್ನ ಮಾತೇ ಉಳಿಯಿತು. ಬಟ್ಟೆ ಕಟ್ಟಿಕೊಂಡೆ. ಆ ವಾರವಿಡೀ ಮನೆಯಲ್ಲಿ ಹುಳ ಸೊಪ್ಪು ಮೇಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಭಾನುವಾರ ಹೊರಡುವಾಗ ಅಪ್ಪ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದ. ಅವ್ವ ಹುರಿಹಿಟ್ಟು ಕಟ್ಟಿ ಕೊಟ್ಟಳು. ದೊಡ್ಡಪ್ಪ ಹುಳದ ಮನೆಯೊಳಗಿದ್ದ. ಹೊರಗಿನ ಬಟ್ಟೆಯಲ್ಲಿ ಒಳಗೆ ಹೋಗುವಂತಿಲ್ಲ, ಹಾಗಾಗಿ ಹೊಸ್ತಿಲಾಚೆ ನಿಂತು ಕೂಗಿದೆ.

"ಬತ್ತೀನಿ ದೊಡ್ಡಪ್ಪ."

ಅವನು ಹುಳದ ತಟ್ಟೆಯ ಮೇಲೆ ಬಗ್ಗಿದ್ದವನು ತಿರುಗಲಿಲ್ಲ.

"ಬಾಗ್ಲಲ್ಲಿ ನಿಂತ್ಕೋಬ್ಯಾಡ. ಹುಳಕ್ಕೆ ಗಾಳಿ ಹೊಡೀತದೆ."

ಅವನು ನನಗೆ ನೇರವಾಗಿ ಆಡಿದ ಕೊನೆಯ ಮಾತು ಅದು. ಉತ್ಪ್ರೇಕ್ಷೆಯಲ್ಲ, ನಿಜವಾಗಿ ಕೊನೆಯ ಮಾತು.

ಧಾರವಾಡದಲ್ಲಿ ನನಗೆ ಮೈಕ್ರೋಸ್ಕೋಪು ಸಿಕ್ಕಿತು, ಕುರ್ಚಿ ಸಿಕ್ಕಿತು. ಕಿಟಕಿಯ ಪಕ್ಕದ್ದಲ್ಲ, ಗೋಡೆಯ ಪಕ್ಕದ್ದು. ಮುಖ್ಯಸ್ಥರು ಹೇಳಿದ್ದ ರೊಟ್ಟಿಯೂ ಸಿಕ್ಕಿತು. ಅದರಲ್ಲಿ ಹೊಟ್ಟೆ ಕೆಡುವಂಥದ್ದು ಏನೂ ಇರಲಿಲ್ಲ. ನನ್ನ ಮಾತು ಕೇಳಿ, "ಮೈಸೂರು ಕಡೀಯಾಕಿ" ಅಂತ ಹುಡುಗಿಯರು ಆಡಿಕೊಂಡರು. ನಾನೂ ಅವರನ್ನು ಆಡಿಕೊಂಡೆ. ಒಂದು ವರ್ಷದ ಹೊತ್ತಿಗೆ ನಮ್ಮ ಕಾಲೇಜಿನ ಮೇಲಂತಸ್ತಿಗೆ ಬೀಗ ಬಿತ್ತು ಅಂತ ಕೇಳಿದೆ. ಆ ಬೀಗದ ಕೈ ಯಾರ ಚೀಲದಲ್ಲಿದೆಯೋ ಗೊತ್ತಿಲ್ಲ.

ಮನೆಗೆ ಫೋನು ಮಾಡಿದಾಗ ಅವ್ವ ಬೆಳೆಯ ವಿಷಯ ಎತ್ತುತ್ತಿರಲಿಲ್ಲ. ನಾನೇ ಕೆದಕಿ ಕೇಳಿದರೆ, "ನಿಮ್ ದೊಡ್ಡಪ್ಪನೇ ಆರ್ಸ್ತಾರೆ, ಕೂಲಿಯೋರ್ನ ಹತ್ರಕ್ಕೂ ಸೇರ್ಸಲ್ಲ. ಗೂಡು ಚೆನ್ನಾಗೇ ಬತ್ತಾವೆ" ಅನ್ನುತ್ತಿದ್ದಳು. ಆ ಮಾತಿಗೂ ನನಗೆ ಉರಿ. ನಾನಿಲ್ಲದೆ ಗೂಡು ಚೆನ್ನಾಗಿ ಬರುವುದಾದರೆ ನನ್ನನ್ನು ಕಟ್ಟಿಹಾಕಲು ಅಷ್ಟೆಲ್ಲ ನಾಟಕ ಯಾಕೆ ಬೇಕಿತ್ತು? ಕೈ ಬೇಡವಾಗಿದ್ದರೆ ಇನ್ನೇನು ಬೇಕಾಗಿತ್ತು ಅವನಿಗೆ? ಬೇಕಾಗಿದ್ದನ್ನು ಬಾಯಿಬಿಟ್ಟು ಹೇಳಲು ಬರದ ಗಂಡಸರ ಮೇಲೆ ನನಗೆ ಕರುಣೆ ಇಲ್ಲ. ದೇವರ ಹೆಗಲಿನಿಂದ ಹೂವು ಬೀಳಿಸುವ ಬದಲು, "ಹೋಗ್ಬ್ಯಾಡ ಮಗ, ಮನೆ ಬಿಕೋ ಅಂತದೆ" ಅಂತ ಒಂದು ಮಾತು ಅಂದಿದ್ದರೆ ಏನು ಗಂಟು ಹೋಗುತ್ತಿತ್ತು? ಆಗಲೂ ನಾನು ಹೋಗುತ್ತಿದ್ದೆ. ಆದರೆ ಹೀಗೆ ಹೋಗುತ್ತಿರಲಿಲ್ಲ.

ಈಗ ನಾನು ಬೇರೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ಪ್ರಯೋಗಾಲಯದ ಬೀರುವಿಗೆ ಬೀಗ ಹಾಕುವುದಿಲ್ಲ. ರಜೆಗೆ ಊರಿಗೆ ಹೋದರೆ ದೊಡ್ಡಪ್ಪ ನನ್ನ ಜೊತೆ ಅವ್ವನ ಮೂಲಕ ಮಾತಾಡುತ್ತಾನೆ. ನಾನು ಎದುರಿಗೇ ಕೂತಿದ್ದರೂ, "ಅವಳ್ನ ಕೇಳು, ಬಸ್ ಎಷ್ಟೊತ್ಗ್ ಬಂತಂತೆ" ಅನ್ನುತ್ತಾನೆ. ನಾನೂ ಅವ್ವನಿಗೇ ಉತ್ತರ ಕೊಡುತ್ತೇನೆ. ಅವ್ವ ಇಬ್ಬರಿಗೂ ತಲೆಯಾಡಿಸುತ್ತಾಳೆ.

ಹೋದ ಸಲ ಹೋದಾಗ ಹುಳ ಹಣ್ಣಾಗಿತ್ತು. ನಾನು ಬೇಕೆಂದೇ ಅಂಥ ದಿನ ಹೋಗುವುದಿಲ್ಲ, ರಜೆ ಹಾಗೆ ಬಂದಿತ್ತು. ದೊಡ್ಡಪ್ಪ ತಟ್ಟೆಗಳನ್ನು ಹುಳದ ಮನೆಯ ಬಾಗಿಲ ಹತ್ತಿರ ಬೆಳಕಿಗೆ ತಂದಿಟ್ಟುಕೊಂಡು ಆರಿಸುತ್ತಿದ್ದ. ನಾನು ಹಳೆಯ ಸೀರೆ ಉಟ್ಟು, ಕೈಕಾಲು ತೊಳೆದು, ಅವನ ಎದುರು ಕೂತು ಒಂದು ತಟ್ಟೆ ಎಳೆದುಕೊಂಡೆ. ಯಾಕೆ ಕೂತೆ ಅಂತ ನನಗೇ ಗೊತ್ತಿಲ್ಲ. ಕೈ ಅಭ್ಯಾಸಕ್ಕೆ ಹೋಯಿತು ಅನ್ನಿ. ಒಂದು ಹುಳ ಅಂಗೈಗೆ ಬಂದಿತ್ತು, ಅಷ್ಟರಲ್ಲಿ ಅವನು ತಟ್ಟೆಯ ಅಂಚು ಹಿಡಿದು ತನ್ನ ಕಡೆ ಎಳೆದುಕೊಂಡ.

"ಅವಳ್ಗೆ ಹೇಳು" ಅಂದ ಅವ್ವನಿಗೆ, "ಅವಳ ಕೈ ಬೇಕು ಅಂತ ಇಲ್ಲಿ ಯಾರೂ ಕಾಯ್ಕೊಂಡು ಕೂತಿಲ್ಲ. ಬಸ್ಸಲ್ಲಿ ಬಂದವ್ಳೆ, ಉಣ್ಣಾಕಿಕ್ಕು."

ಗುಡಿಯಲ್ಲಿ ನಾನು ಎಸೆದ ಮಾತನ್ನು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮುದುಕ. ನಾನು ಅಂಗೈಯ ಹುಳವನ್ನು ತಟ್ಟೆಗೆ ಬಿಟ್ಟು ಎದ್ದೆ. ಅವ್ವ ಹಿತ್ತಿಲ ಜಗಲಿಯ ಮೇಲೆ ನನಗೆ ಮುದ್ದೆ, ಸೊಪ್ಪಿನ ಸಾರು ಇಟ್ಟಳು. ಅಲ್ಲಿಂದ ಅವನು ನೇರವಾಗಿ ಕಾಣುತ್ತಿದ್ದ.

ಅವನು ಪ್ರತಿ ಹುಳವನ್ನೂ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದ. ಎರಡು ಕಣ್ಣಿಗೂ ಪೊರೆ ಬಂದಿದೆ ಅಂತ ದೂರದಿಂದಲೇ ತಿಳಿಯುತ್ತಿತ್ತು. ಹಣ್ಣು ಹುಳದ ಜೊತೆ ಹಸಿ ಹುಳ ಹಾಕುತ್ತಿದ್ದ, ಒಂದಲ್ಲ ಎರಡಲ್ಲ. ಅವನ ತಟ್ಟೆ ತುಂಬಿದ ಮೇಲೆ ಅವ್ವ ಎತ್ತಿಕೊಂಡು ಚಂದ್ರಿಕೆಯ ಹತ್ತಿರ ಹೋದಳು. ಅವನಿಗೆ ಬೆನ್ನು ಮಾಡಿ ಕೂತು, ಹಸಿ ಹುಳಗಳನ್ನು ಪಟಪಟನೆ ಆರಿಸಿ, ಸೆರಗಿನ ಮರೆಯಲ್ಲಿದ್ದ ಇನ್ನೊಂದು ತಟ್ಟೆಗೆ ಹಾಕಿದಳು. ಬಗ್ಗಿ ನೋಡಲೂ ಇಲ್ಲ, ಬೆರಳೇ ನೋಡುತ್ತಿದ್ದ ಹಾಗಿತ್ತು. ಆಮೇಲೆ ಆ ಹಸಿ ಹುಳಗಳನ್ನು ಸದ್ದಿಲ್ಲದೆ ಸೊಪ್ಪಿಗೆ ಬಿಟ್ಟು ಬಂದು, ಖಾಲಿ ತಟ್ಟೆಯನ್ನು ಅವನ ಮುಂದೆ ಇಟ್ಟಳು. ಆ ಚುರುಕು ನಿನ್ನೆ ಮೊನ್ನೆ ಬಂದದ್ದಲ್ಲ. ನನ್ನ ಕಣ್ಣು ನನಗೆ ಎಲ್ಲಿಂದ ಬಂದಿತ್ತು ಅಂತ ಈ ಮನೆಯಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಾನು ಏನೋ ಹೇಳಲು ಬಾಯಿ ತೆರೆದೆ. ಅವ್ವ ತಲೆ ಎತ್ತಿ, ದೊಡ್ಡಪ್ಪನ ಕಡೆಗೊಮ್ಮೆ ನೋಡಿ, ನನ್ನ ಕಡೆ ನೋಡಿದಳು.

"ಸಾರು ಆರೋಯ್ತದೆ, ಉಣ್ಣು" ಅಂದಳು.

ಉಂಡೆ.